ಬನ್ನಿಮರದ ಗಂಟು ಕಾಣೆಯಾದರೆ

ಪಾತಕಿಗಳ ಕೂಟದೊಳಗೆ ವೇಷ ಮರೆಸಿಕೊಂಡು ಸೇರಿದ ಪೊಲೀಸನ ಕಥೆಯೆಂದರೆ ಪ್ರೇಕ್ಷಕ ಕಾಯುವುದು ಬಹುಮಟ್ಟಿಗೆ ಒಂದೇ ಗಳಿಗೆಗೆ. ಅವನು ಯಾವಾಗ ಸಿಕ್ಕಿಬೀಳುತ್ತಾನೆ, ಸಿಕ್ಕಿಬಿದ್ದ ಮೇಲೆ ಹೇಗೆ ಪಾರಾಗುತ್ತಾನೆ ಎಂಬ ಕುತೂಹಲದ ಮೇಲೆಯೇ ಇಂಥ ಹತ್ತಾರು ಚಿತ್ರಗಳು ನಡೆದುಹೋಗಿವೆ. 2002ರಲ್ಲಿ ಹಾಂಕಾಂಗ್‌ನಲ್ಲಿ ತಯಾರಾದ ‘ಇನ್‌ಫರ್ನಲ್ ಅಫೇರ್ಸ್’ ಚಿತ್ರದಲ್ಲಿಯೂ ಆ ಕುತೂಹಲಕ್ಕೆ ಕೊರತೆಯಿಲ್ಲ. ಆದರೆ ಆ್ಯಂಡ್ರ್ಯೂ ಲಾವ್ ಮತ್ತು ಅಲನ್ ಮಾಕ್ ಜೊತೆಯಾಗಿ ನಿರ್ದೇಶಿಸಿದ ಈ ಚಿತ್ರವನ್ನು ಇಷ್ಟು ವರ್ಷಗಳ ಮೇಲೂ ನಾನು ಮತ್ತೆ ಹಾಕಿಕೊಂಡು ನೋಡುವುದಕ್ಕೆ ಕಾರಣ ಬೇರೆಯದು. ನೀನು ಯಾರೆಂದು ಹೇಳಬಲ್ಲ ಕೊನೆಯ ಮನುಷ್ಯನೂ ಸತ್ತುಹೋದರೆ ನೀನು ಯಾರು ಎಂಬ ಪ್ರಶ್ನೆಯನ್ನು ಇದರಷ್ಟು ನಿರ್ದಾಕ್ಷಿಣ್ಯವಾಗಿ ಕೇಳಿದ ಅಪರಾಧ ಚಿತ್ರವನ್ನು ನಾನು ಕಂಡಿಲ್ಲ. ಮುಂದೆ ಓದುವವರು ಚಿತ್ರವನ್ನು ಇನ್ನೂ ನೋಡಿರದಿದ್ದರೆ ಮೊದಲು ನೋಡಿ ಬರುವುದು ಒಳ್ಳೆಯದು. ಕಥೆಯ ಕೊನೆಯನ್ನು ಮುಚ್ಚಿಟ್ಟು ಈ ಮಾತನ್ನು ಬರೆಯಲು ಸಾಧ್ಯವಿಲ್ಲ.

ಕಥೆಯ ಹಂದರ ಸರಳ. ಪೊಲೀಸ್ ತರಬೇತಿ ಶಾಲೆಯಿಂದ ಯಾನ್ ಎಂಬ ಚುರುಕು ಹುಡುಗನನ್ನು ಹೊರಹಾಕಿದಂತೆ ನಾಟಕ ಮಾಡಿ ಸ್ಯಾಮ್ ಎಂಬ ಮಾದಕ ದ್ರವ್ಯದ ದೊರೆಯ ಗುಂಪಿಗೆ ಸೇರಿಸುತ್ತಾರೆ. ಅದೇ ಹೊತ್ತಿಗೆ ಆ ಸ್ಯಾಮ್ ತನ್ನ ಹುಡುಗರಲ್ಲಿ ಒಬ್ಬನಾದ ಲಾವ್‌ನನ್ನು ಅದೇ ಶಾಲೆಗೆ ಸೇರಿಸಿರುತ್ತಾನೆ. ಹತ್ತು ವರ್ಷ ಕಳೆಯುವುದರೊಳಗೆ ಒಬ್ಬ ಪಾತಕಿಯ ಬಲಗೈ ಬಂಟನಾಗಿದ್ದಾನೆ, ಇನ್ನೊಬ್ಬ ಇಲಾಖೆಯ ಮೆಚ್ಚಿನ ಅಧಿಕಾರಿಯಾಗಿದ್ದಾನೆ. ಎರಡೂ ಕಡೆಗೆ ತಮ್ಮೊಳಗೆ ಒಬ್ಬ ದ್ರೋಹಿಯಿದ್ದಾನೆಂದು ತಿಳಿಯುವುದು ಒಂದೇ ರಾತ್ರಿ, ಮತ್ತು ದ್ರೋಹಿಯನ್ನು ಹುಡುಕುವ ಕೆಲಸ ಪೊಲೀಸರ ಕಡೆಯಿಂದ ಲಾವ್‌ನ ಪಾಲಿಗೇ ಬರುತ್ತದೆ. ಯಾನ್ ಆಗಿ ಟೋನಿ ಲಿಯಾಂಗ್, ಲಾವ್ ಆಗಿ ಆ್ಯಂಡಿ ಲಾವ್.

ಯಾನ್ ಪೊಲೀಸನೆಂದು ತಿಳಿದವರು ಇಬ್ಬರೇ: ಶಾಲೆಯ ಮುಖ್ಯಸ್ಥ ಮತ್ತು ಸೂಪರಿಂಟೆಂಡೆಂಟ್ ವಾಂಗ್. ಮುಖ್ಯಸ್ಥನ ಅಂತ್ಯಯಾತ್ರೆ ಚಿತ್ರದ ಆರಂಭದಲ್ಲಿಯೇ ಸಾಗಿಹೋಗುತ್ತದೆ, ಯಾನ್ ದೂರದಲ್ಲಿ ನಿಂತು ಯಾರಿಗೂ ಕಾಣದಂತೆ ಸೆಲ್ಯೂಟ್ ಹೊಡೆಯುತ್ತಾನೆ. ಅಲ್ಲಿಗೆ ಸಾಕ್ಷಿ ಒಬ್ಬನೇ ಉಳಿದ. ಮೂರು ವರ್ಷವೆಂದು ಕಳಿಸಿದಿರಿ, ಮತ್ತೆ ಮೂರು, ಇನ್ನೂ ಮೂರು ಎಂದಿರಿ, ಈಗ ಹತ್ತಾಯಿತು ಎಂದು ಯಾನ್ ವಾಂಗ್‌ನ ಮೇಲೆ ಹರಿಹಾಯುವ ದೃಶ್ಯದಲ್ಲಿ ಸಿಟ್ಟಿನ ಅಡಿಯಲ್ಲಿ ಇರುವುದು ಈ ಲೆಕ್ಕವೇ. ಮುಂದೆ ಕಟ್ಟಡದ ಮೇಲಿನಿಂದ ತಳ್ಳಲ್ಪಟ್ಟ ವಾಂಗ್‌ನ ದೇಹ ಯಾನ್‌ನ ಎದುರಿನಲ್ಲಿಯೇ ಟ್ಯಾಕ್ಸಿಯೊಂದರ ಮೇಲೆ ಬಂದು ಬೀಳುತ್ತದೆ. ಹಿರಿಯ ಅಧಿಕಾರಿಯ ಸಾವಿನ ದುಃಖವನ್ನು ಯಾವ ಚಿತ್ರವಾದರೂ ತೋರಿಸುತ್ತದೆ. ಇಲ್ಲಿ ಟೋನಿ ಲಿಯಾಂಗ್‌ನ ಮುಖದಲ್ಲಿ ಕಾಣುವ ದಿಗಿಲಿನಲ್ಲಿ ಆ ದುಃಖದ ಜೊತೆಗೆ, ತನ್ನ ಹತ್ತು ವರ್ಷದ ಬದುಕಿಗೆ ಇದ್ದ ಒಂದೇ ಒಂದು ರಸೀದಿ ಕಣ್ಣೆದುರೇ ಹರಿದುಹೋದ ಗಾಬರಿಯೂ ಇದೆ.

ಆಮೇಲೆ ಉಳಿಯುವುದು ಕಡತ. ಸ್ಯಾಮ್ ಸತ್ತ ಮೇಲೆ ಯಾನ್ ಪೊಲೀಸ್ ಕಚೇರಿಗೆ ಬಂದು ಲಾವ್‌ನ ಎದುರು ಕುಳಿತು, ಇನ್ನಾದರೂ ನನ್ನ ಗುರುತನ್ನು ನನಗೆ ಮರಳಿ ಕೊಡಿಸಿ ಎಂದು ಕೇಳುತ್ತಾನೆ. ಲಾವ್ ಕಂಪ್ಯೂಟರಿನಲ್ಲಿ ಕಡತ ತೆರೆಯಲು ಎದ್ದು ಹೋದಾಗ ಯಾನ್‌ನ ಕಣ್ಣು ಮೇಜಿನ ಮೇಲಿನ ಲಕೋಟೆಯ ಮೇಲೆ ಬೀಳುತ್ತದೆ. ಸ್ಯಾಮ್‌ನ ಹುಡುಗರ ವಿವರಗಳನ್ನು ತುಂಬಿ ಕಳಿಸಿದ್ದ ಆ ಲಕೋಟೆಯ ಮೇಲಿನ ಅಕ್ಷರವೊಂದನ್ನು ತಿದ್ದಿದವನು ಸ್ವತಃ ಅವನೇ. ಸ್ಯಾಮ್ ನೆಟ್ಟ ದ್ರೋಹಿ ಲಾವ್‌ನೇ ಎಂದು ತಿಳಿದು ಸದ್ದಿಲ್ಲದೆ ಎದ್ದು ಹೊರಟುಬಿಡುತ್ತಾನೆ. ಲಾವ್ ಮರಳಿ ಬಂದು ಖಾಲಿ ಕುರ್ಚಿಯನ್ನು ನೋಡಿ, ನಡೆದದ್ದನ್ನು ಊಹಿಸಿ, ಆ ಕಡತವನ್ನು ಅಳಿಸಿಹಾಕುತ್ತಾನೆ. ಒಂದೂ ಗುಂಡು ಹಾರುವುದಿಲ್ಲ, ಯಾರೂ ಧ್ವನಿ ಏರಿಸುವುದಿಲ್ಲ. ಇಡೀ ಚಿತ್ರದ ಅತಿ ಕ್ರೂರ ಕೊಲೆ ಇದೇ ಎಂದು ನನ್ನ ಅಭಿಪ್ರಾಯ.

ಕಾರವಾರದಲ್ಲಿ ಸರ್ಕಾರಿ ಗುಮಾಸ್ತಿಕೆ ಮಾಡಿ ನಿವೃತ್ತನಾದ ನನಗೆ ಈ ದೃಶ್ಯ ತಟ್ಟುವುದಕ್ಕೆ ವೃತ್ತಿಯ ಕಾರಣವೂ ಇದ್ದೀತು. ನೌಕರನ ಸೇವಾ ಪುಸ್ತಕದ ಮೊದಲ ಪುಟವನ್ನು ನೋಡಿದವರಿಗೆ ಗೊತ್ತು: ಭಾವಚಿತ್ರ, ತಂದೆಯ ಹೆಸರು, ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆದ ಜನ್ಮದಿನಾಂಕ, ಎತ್ತರ, ‘ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ’ ಎಂಬಂಥ ಗುರುತಿನ ಚಿಹ್ನೆ, ಎಡಗೈ ಬೆರಳುಗಳ ಮಸಿಯ ಗುರುತು. ಒಮ್ಮೆ ಅಂಕೋಲೆಯ ಕಡೆಯ ಹಿರಿಯರೊಬ್ಬರ ಪುಸ್ತಕ ವರ್ಗಾವಣೆಗಳ ನಡುವೆ ಎಲ್ಲಿಯೋ ಕಳೆದುಹೋಗಿ ಅವರ ಪಿಂಚಣಿ ನಿಂತಿತ್ತು. ಕೌಂಟರಿನ ಆಚೆ ನಿಂತು, “ನಾನೇ ಇಲ್ಲಿ ನಿಂತಿದ್ದೇನಲ್ಲ ಮಾರಾಯ್ರೆ, ಇನ್ನೆಂಥ ಪುರಾವೆ ಬೇಕು ನಿಮಗೆ?” ಎಂದು ಕೇಳಿದ ಅವರ ಕೆನ್ನೆಯ ಮೇಲೆ ಆ ಮಚ್ಚೆ ಇದ್ದೇ ಇತ್ತು, ಅದನ್ನು ಹೋಲಿಸಿ ನೋಡುವುದಕ್ಕೆ ಬೇಕಾದ ಪುಟ ಮಾತ್ರ ಇರಲಿಲ್ಲ.

ಈ ಚಿತ್ರವನ್ನು ಮೆಚ್ಚುವುದಕ್ಕೆ ನಮ್ಮ ಜಿಲ್ಲೆಯವರಿಗೆ ಇನ್ನೂ ಒಂದು ದಾರಿಯಿದೆ. ವೇಷ ಮರೆಸಿ ಶತ್ರುವಿನ ಕಣ್ಣು ತಪ್ಪಿಸುವ ಕಥೆಯನ್ನು ನಾವು ರಾತ್ರಿಯಿಡೀ ಕುಳಿತು ನೋಡುತ್ತ ಬೆಳೆದವರು. ಹೊನ್ನಾವರ, ಕುಮಟಾ, ಸಿದ್ದಾಪುರದ ಕಡೆಯ ಯಕ್ಷಗಾನದ ಆಟಗಳಲ್ಲಿ ವಿರಾಟಪರ್ವದ ಪ್ರಸಂಗಗಳಿಗೆ ಎಂದೂ ಬೇಡಿಕೆ ತಗ್ಗಿಲ್ಲ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲೆಂದೇ ಜನ ಬರುತ್ತಿದ್ದರು. ಎಲ್ಲರ ಕಣ್ಣೂ ಕೀಚಕನ ಶೃಂಗಾರದ ಮೇಲಿದ್ದರೂ ಪ್ರಸಂಗದ ಬಿಗಿಯಿರುವುದು ಅಡುಗೆಮನೆಯ ವಲಲನಲ್ಲಿ. ಅಜ್ಞಾತವಾಸದ ವರ್ಷದಲ್ಲಿ ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ವನವಾಸ. ಸೈರಂಧ್ರಿಯ ಕಣ್ಣೀರನ್ನು ನೋಡಿ ಸುಮ್ಮನಿದ್ದರೆ ಅವನು ಭೀಮನಲ್ಲ, ಕೀಚಕನನ್ನು ಕೊಂದರೆ ಭೀಮನೆಂದು ಲೋಕಕ್ಕೆ ತಿಳಿಯುತ್ತದೆ. ಕೀಚಕನಂಥವನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಬೆರಳೆಣಿಕೆಯ ಮಂದಿ ಎಂಬ ಎಳೆ ಹಿಡಿದೇ ಕೌರವರು ವಿರಾಟನಗರಿಯ ಮೇಲೆ ಅನುಮಾನಪಡುತ್ತಾರಲ್ಲ.

ಆದರೆ ಪಾಂಡವರಿಗೆ ಬನ್ನಿಮರವಿತ್ತು. ಆಯುಧಗಳನ್ನು ಗಂಟು ಕಟ್ಟಿ ಮರದ ಮೇಲಿಟ್ಟು, ಯಾರೂ ಹತ್ತಿರ ಸುಳಿಯದಂತೆ ಹೆಣವೊಂದನ್ನೂ ತೂಗುಹಾಕಿ ಅವರು ಊರೊಳಗೆ ಹೋದರು. ಬೃಹನ್ನಳೆ ತಾನೇ ಅರ್ಜುನನೆಂದಾಗ ಉತ್ತರಕುಮಾರ ನಂಬುವುದಿಲ್ಲ. ಹಾಗಾದರೆ ಅರ್ಜುನನ ಹತ್ತು ಹೆಸರುಗಳನ್ನು ಹೇಳು ಎನ್ನುತ್ತಾನೆ, ಅರ್ಜುನ ಒಂದೊಂದಕ್ಕೂ ಕಾರಣ ಸಹಿತ ಹೇಳುತ್ತಾನೆ, ಗಾಂಡೀವವಂತೂ ಕೈಯಲ್ಲಿಯೇ ಇದೆ. ಅವಧಿ ಮುಗಿದ ಮೇಲೆ ತಾನು ಯಾರೆಂದು ತೋರಿಸುವುದಕ್ಕೆ ಬೇಕಾದದ್ದೆಲ್ಲ ಅವನಿಗೆ ಮರದ ಮೇಲೆ ಸುರಕ್ಷಿತವಾಗಿತ್ತು. ಆ ಗಂಟನ್ನು ಯಾರೋ ಇಳಿಸಿ ಸುಟ್ಟುಹಾಕಿದ್ದರೆ, ಹತ್ತು ಹೆಸರು ಕೇಳುವವರೂ ಇಲ್ಲದಿದ್ದರೆ, ಬೃಹನ್ನಳೆ ಉಳಿದ ಆಯುಷ್ಯವನ್ನು ನಾಟ್ಯಶಾಲೆಯಲ್ಲಿಯೇ ಕಳೆಯಬೇಕಾಗುತ್ತಿತ್ತು. ಯಾನ್‌ನ ಪಾಡು ಅದು. ಅವನು ಮಾತ್ರ ಹತ್ತರಲ್ಲಿ ಒಂದಾದರೂ ಹೆಸರನ್ನು ಹೇಳಿ ನೋಡುತ್ತಾನೆ: ನ್ಯಾಯಾಲಯದ ಆದೇಶದಂತೆ ಚಿಕಿತ್ಸೆಗೆ ಹೋಗುವ ಮನೋವೈದ್ಯೆ ಡಾಕ್ಟರ್ ಲೀ ಬಳಿ, ನಾನು ಪೊಲೀಸ್ ಎನ್ನುತ್ತಾನೆ. ಆಕೆ ಅದನ್ನು ತಮಾಷೆಯೆಂದು ತಿಳಿದು ನಗುತ್ತಾಳೆ.

ಇದೇ ಕಥೆಯನ್ನು ಮಾರ್ಟಿನ್ ಸ್ಕಾರ್ಸೆಸಿ 2006ರಲ್ಲಿ ಬಾಸ್ಟನ್‌ಗೆ ಒಯ್ದು ‘ದಿ ಡಿಪಾರ್ಟೆಡ್’ ಮಾಡಿದರು. ಅದಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಬಂದವು, ಸ್ಕಾರ್ಸೆಸಿಗೆ ನಿರ್ದೇಶನದ ಮೊದಲ ಆಸ್ಕರ್ ಸಿಕ್ಕಿದ್ದೂ ಅದರಿಂದಲೇ. ಮೂಲಕ್ಕಿಂತ ಸುಮಾರು ಮುಕ್ಕಾಲು ಗಂಟೆ ಉದ್ದ, ಗದ್ದಲ ಹೆಚ್ಚು, ಬೈಗುಳವಂತೂ ಧಾರಾಳ. ಜ್ಯಾಕ್ ನಿಕೋಲ್ಸನ್ ತೆರೆಯ ಮೇಲೆ ಬಂದಾಗಲೆಲ್ಲ ಕಥೆ ಪಕ್ಕಕ್ಕೆ ಸರಿದು ನಿಂತು ಅವರಿಗೆ ದಾರಿ ಬಿಡುತ್ತದೆ, ಅದು ನನಗೆ ಹಿಡಿಸಲಿಲ್ಲ. ಆದರೆ ಒಂದು ವಿಷಯದಲ್ಲಿ ಈ ಚಿತ್ರ ಮೂಲವನ್ನು ಮೀರಿಸಿದೆ, ಮತ್ತು ಸಣ್ಣ ಊರಿನಲ್ಲಿ ಬದುಕಿದವರಿಗೆ ಅದು ಬೇಗ ಅರ್ಥವಾಗುತ್ತದೆ.

ಹಾಂಕಾಂಗ್‌ನಂಥ ಕಿಕ್ಕಿರಿದ ಮಹಾನಗರದಲ್ಲಿ ಹೊಸ ಮುಖವೊಂದು ಗುಂಪಿನಲ್ಲಿ ಕರಗಿಹೋಗಬಹುದು. ಕಾರವಾರದಲ್ಲಿ ಅದು ಆಗುವ ಮಾತಲ್ಲ. ಸದಾಶಿವಗಡದ ಮೀನು ಪೇಟೆಯಲ್ಲಿ ಎರಡು ದಿನ ಸುಮ್ಮನೆ ನಿಂತ ಅಪರಿಚಿತನನ್ನು ಮೂರನೆಯ ದಿನ ಯಾರಾದರೊಬ್ಬರು ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾರೆ, ಘಟ್ಟದ ಮೇಲೆ ಶಿರಸಿಯ ಕಡೆಗೆ ಹೋದರೆ “ಯಾವೂರಾತು?” ಎಂಬ ಪ್ರಶ್ನೆ ಬಾಯಾರಿಕೆಗೆ ಕೊಡುವ ಆಸರಿಗಿಂತ ಮೊದಲೇ ಬರುತ್ತದೆ. ಹೇಳಿದ ಉತ್ತರವನ್ನು ಪರೀಕ್ಷಿಸಲು ಆ ಊರಿನ ಅಳಿಯನೋ ಸೊಸೆಯೋ ಅಲ್ಲಿಯೇ ಎಲ್ಲಿಯಾದರೂ ಕುಳಿತಿರುತ್ತಾರೆ. ಮಾಜಾಳಿ ತನಿಖಾ ಠಾಣೆಯಲ್ಲಿ ಗೋವಾ ಸಾರಾಯಿ ಹಿಡಿಯುವ ಅಬಕಾರಿಯವರು ಮಫ್ತಿಯಲ್ಲಿ ಬಂದರೂ ಊರಿನ ಹುಡುಗರಿಗೆ ಅವರ ನಡಿಗೆಯಿಂದಲೇ ಗುರುತು ಹತ್ತುತ್ತದೆ ಎಂಬುದು ಇಲ್ಲಿಯ ಚಹಾದಂಗಡಿಗಳ ಹಳೆಯ ನಗೆಮಾತು. ಇಂಥ ಕಡೆ ಪೊಲೀಸರು ನಂಬುವುದು ಊರಿನವನೇ ಆದ ಬಾತ್ಮೀದಾರನನ್ನು.

ದಕ್ಷಿಣ ಬಾಸ್ಟನ್ ಕೂಡ ಅಂಥದೇ ಊರು. ಅಲ್ಲಿ ಲಿಯೊನಾರ್ಡೊ ಡಿಕಾಪ್ರಿಯೊ ಅಭಿನಯಿಸಿದ ಬಿಲ್ಲಿ ಕೋಸ್ಟಿಗನ್‌ನನ್ನು ಅಧಿಕಾರಿಗಳು ಆರಿಸುವುದೇ ಅವನ ಸಂಬಂಧಿಕರಲ್ಲಿ ಪಾತಕಿಗಳಿದ್ದಾರೆಂಬ ಕಾರಣಕ್ಕೆ. ನಿಕೋಲ್ಸನ್ ಮಾಡಿದ ಪಾತಕಿಗಳ ದೊರೆ ಕೋಸ್ಟೆಲ್ಲೊಗೆ ಅವನ ಚಿಕ್ಕಪ್ಪನ ಹೆಸರು ಗೊತ್ತು, ಮನೆತನ ಗೊತ್ತು, ಆದ್ದರಿಂದಲೇ ಹುಡುಗ ಒಳಗೆ ಬರುತ್ತಾನೆ. ಅವನ ವೇಷವನ್ನು ಹೊಲಿದಿರುವುದು ಅವನದೇ ನಿಜದ ಬಟ್ಟೆಯಿಂದ, ಸುಳ್ಳು ಇರುವುದು ಒಂದೇ ಒಂದು ಹೊಲಿಗೆಯಲ್ಲಿ. ಪೊಲೀಸ್ ಕೆಲಸಕ್ಕೆ ಸೇರಿ ಬಿಟ್ಟುಬರಬೇಕೆಂದುಕೊಂಡಿದ್ದ ಮನೆತನದ ಒಳಗೇ ಇಲಾಖೆ ಅವನನ್ನು ಮರಳಿ ದೂಡುತ್ತದೆ. ಡಿಕಾಪ್ರಿಯೊ ಚಿತ್ರದುದ್ದಕ್ಕೂ ನಡುಗುತ್ತಿರುವಂತೆ ಕಾಣುವುದು ಅತಿಯಾಯಿತು ಎಂದು ಕೆಲವರು ಹೇಳುವುದುಂಟು, ನನಗೆ ಅದು ಸರಿಯಾಗಿಯೇ ಕಂಡಿತು.

ಕೋಸ್ಟೆಲ್ಲೊ ಪಾತ್ರದ ಹಿಂದೆ ಬಾಸ್ಟನ್ನಿನ ಜೇಮ್ಸ್ ‘ವೈಟಿ’ ಬಲ್ಜರ್ ಎಂಬ ನಿಜವಾದ ಪಾತಕಿಯ ನೆರಳಿದೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಕಡತಗಳಲ್ಲಿ ಅವನು ಬಾತ್ಮೀದಾರ. ಆ ನಂಟಿನ ಮರೆಯಲ್ಲಿ ಅವನು ತನ್ನ ದಂಧೆಯನ್ನು ನಡೆಸಿಕೊಂಡು ಹೋದ. 1994ರ ಕೊನೆಯಲ್ಲಿ ಬಂಧನದ ಸುಳಿವನ್ನು ಅವನಿಗೆ ಮುಟ್ಟಿಸಿದವನು ಹಿಂದೆ ಅವನನ್ನು ನೋಡಿಕೊಳ್ಳುತ್ತಿದ್ದ, ಆಗಲೇ ನಿವೃತ್ತನಾಗಿದ್ದ ಎಫ್‌ಬಿಐ ಅಧಿಕಾರಿ ಜಾನ್ ಕಾನೊಲಿ. ತಪ್ಪಿಸಿಕೊಂಡ ಬಲ್ಜರ್ ಸಿಕ್ಕಿದ್ದು 2011ರಲ್ಲಿ. 2013ರಲ್ಲಿ ಹನ್ನೊಂದು ಕೊಲೆಗಳ ಹೊಣೆ ಸಾಬೀತಾಗಿ ಜೀವಾವಧಿ ಶಿಕ್ಷೆಯಾಯಿತು, 2018ರಲ್ಲಿ ಜೈಲಿನೊಳಗೇ ಕೊಲೆಯಾದ. ವಿಚಾರಣೆಯಲ್ಲಿ ಅವನ ಕಡೆಯವರು ಹಟ ಹಿಡಿದು ಅಲ್ಲಗಳೆದ ಸಂಗತಿಗಳಲ್ಲಿ ಒಂದು, ಅವನು ಬಾತ್ಮೀದಾರನಾಗಿದ್ದನೆಂಬುದು. ಅಷ್ಟು ಕೊಲೆಗಳ ಆರೋಪದ ನಡುವೆಯೂ ಅವನಿಗೆ ಕಡತದ ಆ ಒಂದು ಪದ ಸಹಿಸಲಾಗಲಿಲ್ಲ.

ಯಾನ್‌ನ ಸ್ಥಿತಿಗೆ ಹತ್ತಿರವಾದ ನಿಜಜೀವನದ ಕಥೆ ಜೋ ಪಿಸ್ಟೋನ್‌ನದು. ಈ ಎಫ್‌ಬಿಐ ಅಧಿಕಾರಿ 1976ರಿಂದ 1981ರವರೆಗೆ ಡಾನಿ ಬ್ರಾಸ್ಕೊ ಎಂಬ ಹೆಸರಿನಲ್ಲಿ ನ್ಯೂಯಾರ್ಕಿನ ಬೊನಾನೊ ಮಾಫಿಯಾ ಕುಟುಂಬದೊಳಗೆ ಇದ್ದ. 1997ರ ‘ಡಾನಿ ಬ್ರಾಸ್ಕೊ’ ಚಿತ್ರ ಅವನದೇ ಕಥೆ. ಒಳಗೆ ಹೋಗುವ ಮೊದಲು ಕಚೇರಿಯ ಪಟ್ಟಿಯಿಂದ ಅವನ ಹೆಸರನ್ನು ತೆಗೆದು, ಸೇವಾ ಕಡತವನ್ನು ತಿಜೋರಿಗೆ ಸೇರಿಸಿದ್ದರು. ಅವನು ಹೊರಬಂದಾಗ ಆ ತಿಜೋರಿ ತೆರೆಯಿತು, ಕಡತವೂ ಇತ್ತು, ನ್ಯಾಯಾಲಯದಲ್ಲಿ ತನ್ನ ನಿಜ ಹೆಸರಿನಲ್ಲಿಯೇ ಸಾಕ್ಷಿ ಹೇಳಿ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗಲು ಕಾರಣನಾದ. ಅವನನ್ನು ನಂಬಿ ಹತ್ತಿರ ಸೇರಿಸಿಕೊಂಡಿದ್ದ ಸಾನಿ ನಪೊಲಿಟಾನೊನನ್ನು ಮಾಫಿಯಾದವರು 1981ರಲ್ಲಿ ಕೊಂದುಹಾಕಿದರು. ಪೊಲೀಸನಿಗೆ ಬನ್ನಿಮರ ಉಳಿಯಿತು, ಪೊಲೀಸನನ್ನು ಗೆಳೆಯನೆಂದು ನಂಬಿದವನಿಗೆ ಏನೂ ಉಳಿಯಲಿಲ್ಲ. ಮುಖ್ಯಪಾತ್ರಗಳ ದುಃಖವನ್ನೇ ಹಿಡಿದುಕೊಳ್ಳುವ ಇಂಥ ಚಿತ್ರಗಳು ಆ ಕಡೆಯ ದುಃಖವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಾನಿಯನ್ನು ನಂಬಿದ ಮಾಫಿಯಾದವನಾಗಿ ಅಲ್ ಪಚಿನೊ ಮಾಡಿದ ಲೆಫ್ಟಿಯ ಪಾತ್ರದಿಂದಾಗಿ ‘ಡಾನಿ ಬ್ರಾಸ್ಕೊ’ ಮಾತ್ರ ಇದಕ್ಕೆ ಹೊರತು.

ಕೊನೆಯ ವಿಷಯದಲ್ಲಿ ಎರಡೂ ಚಿತ್ರಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಸ್ಕಾರ್ಸೆಸಿಯ ಚಿತ್ರದಲ್ಲಿ ಲಾವ್‌ನ ಜಾಗದಲ್ಲಿರುವ ಮ್ಯಾಟ್ ಡೇಮನ್‌ನ ಪಾತ್ರವನ್ನು ಡಿಗ್ನಮ್ ಎಂಬ ಅಧಿಕಾರಿ ಮನೆಗೇ ಬಂದು ಗುಂಡಿಕ್ಕಿ ಕೊಲ್ಲುತ್ತಾನೆ, ಲೆಕ್ಕ ಚುಕ್ತಾ ಆಗುತ್ತದೆ. ಹಾಂಕಾಂಗ್ ಚಿತ್ರದಲ್ಲಿ ಯಾನ್ ಲಿಫ್ಟಿನ ಬಾಗಿಲಲ್ಲಿ ಸಾಯುತ್ತಾನೆ, ಅವನನ್ನು ಕೊಂದವನು ಸ್ಯಾಮ್ ನೆಟ್ಟಿದ್ದ ಇನ್ನೊಬ್ಬ ಪೊಲೀಸ್, ಲಾವ್ ಅವನನ್ನೂ ಮುಗಿಸಿ ಎಲ್ಲ ಪಾಪವನ್ನು ಅವನ ತಲೆಗೆ ಕಟ್ಟಿ ಹೊರಗೆ ಬರುತ್ತಾನೆ. ಆರು ತಿಂಗಳ ಮೇಲೆ ಡಾಕ್ಟರ್ ಲೀ ಕೈಗೆ ದಾಖಲೆ ಸಿಕ್ಕಿ ಯಾನ್ ಪೊಲೀಸನೆಂದು ಸಾಬೀತಾಗುತ್ತದೆ, ಗೌರವದ ಅಂತ್ಯಕ್ರಿಯೆ ನಡೆಯುತ್ತದೆ, ಅಲ್ಲಿ ಲಾವ್ ಕೂಡ ಸಮವಸ್ತ್ರದಲ್ಲಿ ನಿಂತು ಸೆಲ್ಯೂಟ್ ಹೊಡೆಯುತ್ತಾನೆ. ಚೀನಾದ ಮುಖ್ಯ ಭೂಭಾಗಕ್ಕಾಗಿ ಲಾವ್ ಬಂಧಿತನಾಗುವಂತೆ ಬೇರೊಂದು ಮುಕ್ತಾಯವನ್ನೂ ಚಿತ್ರೀಕರಿಸಿದ್ದರು. ಅದನ್ನು ನೋಡುವ ಅಗತ್ಯವಿಲ್ಲ. 2003ರಲ್ಲಿ ಬಂದ ಮೂರನೆಯ ಭಾಗದಲ್ಲಿ ಲಾವ್‌ನ ಮನಸ್ಸು ಕದಡಿಹೋಗುವ ಕಥೆಯಿದೆ. ಅದನ್ನು ಮೆಚ್ಚುವವರೂ ಇದ್ದಾರೆ. ನನಗೆ ಕಡತದ ಪ್ರಕಾರ ಪ್ರಾಮಾಣಿಕನಾಗಿ ಉಳಿದ ಮೊದಲ ಭಾಗದ ಲಾವ್‌ನೇ ಹೆಚ್ಚು ಕಾಡುತ್ತಾನೆ.