ಹಾಗಾದ್ರೆ ಯಾರೂ ಇಲ್ಲ

ಈ ವಾರ ನನ್ನ ಹೆಂಡತಿ, ಇಬ್ಬರು ಮಕ್ಕಳು ಕೆನಡಾದ ಕಾಯಂ ನಿವಾಸಿಗಳಾಗಿ ಟೊರಾಂಟೊಗೆ ಬಂದಿಳಿದರು. ಕರೆದುಕೊಂಡು ಬರೋಕೆ ನಾನೇ ತಿಪಟೂರಿಗೆ ಹೋಗಿದ್ದೆ. ಮಕ್ಕಳು ಇನ್ನೂ ಊರಿನ ಗಡಿಯಾರದಲ್ಲೇ ಇದ್ದಾರೆ, ರಾತ್ರಿ ಎರಡಕ್ಕೆ ಎದ್ದು ಅನ್ನ ಸಾರು ಕೇಳುತ್ತಾರೆ. ಮುಂದಿನ ವಾರ ಶಾಲೆ ಶುರು. ಮನೆಯಲ್ಲಿ ಸಂಭ್ರಮವೇ. ಆದರೆ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಕೇಳಿದ ಒಂದು ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ.

ಹೊಸದಾಗಿ ಬರುವವರನ್ನು ಪಾಸ್‌ಪೋರ್ಟ್ ನೋಡಿದ ಮೇಲೆ ಪಕ್ಕದ ಇಮಿಗ್ರೇಷನ್ ಹಾಲ್‌ಗೆ ಕಳಿಸುತ್ತಾರೆ. ನಮ್ಮ ಸರದಿ ಬರುವಷ್ಟರಲ್ಲಿ ಮಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಕೌಂಟರ್‌ನಲ್ಲಿದ್ದ ಅಧಿಕಾರಿ ನಡುವಯಸ್ಸಿನವರು, ಒಳ್ಳೆಯ ಮನುಷ್ಯ. ಮಗುವನ್ನು ಎಬ್ಬಿಸಬೇಡಿ ಅಂತ ಅವರೇ ಹೇಳಿದರು. ಪತ್ರದಲ್ಲಿರುವ ಹೆಸರು, ಹುಟ್ಟಿದ ತಾರೀಕು ಸರಿ ಇದೆಯಾ, ಪಿಆರ್ (ಕಾಯಂ ನಿವಾಸಿ) ಕಾರ್ಡ್ ಯಾವ ವಿಳಾಸಕ್ಕೆ ಕಳಿಸಬೇಕು, ಯಾವತ್ತಾದರೂ ಶಿಕ್ಷೆ ಆಗಿದೆಯಾ. ಒಂದೊಂದಕ್ಕೂ ನನ್ನ ಹೆಂಡತಿ ನಿಧಾನವಾಗಿ ಉತ್ತರ ಕೊಟ್ಟಳು. ಆಮೇಲೆ ಅವರು ಕೇಳಿದರು:

"ಇಲ್ಲಿ ಹೆಸರಿರುವವರನ್ನು ಬಿಟ್ಟು, ನಿಮ್ಮನ್ನೇ ನಂಬಿಕೊಂಡಿರೋರು ಬೇರೆ ಯಾರಾದರೂ ಇದ್ದಾರಾ?"

"ಇದ್ದಾರೆ. ನಮ್ಮತ್ತೆ."

ಅಧಿಕಾರಿಯ ಪೆನ್ನು ನಿಂತಿತು. ನನ್ನ ಎದೆ ಧಸಕ್ ಅಂದಿತು. ಈ ಪ್ರಶ್ನೆ ಸುಮ್ನೆ ಕೇಳುವಂಥದ್ದಲ್ಲ. ಸಂಗಾತಿಯನ್ನೋ ಮಗುವನ್ನೋ ಮುಚ್ಚಿಟ್ಟು ಇಲ್ಲಿಗೆ ಬಂದರೆ, ಮುಂದೆ ಅವರನ್ನು ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದು. ಅದಕ್ಕೇ ಅವರು ಒತ್ತಿ ಕೇಳುತ್ತಾರೆ. ಅವರು ಒಂದು ಕ್ಷಣ ಇವಳ ಮುಖ ನೋಡಿ ಮೆತ್ತಗೆ ಹೇಳಿದರು, "ಅತ್ತೆ ಇದರಲ್ಲಿ ಬರಲ್ಲಮ್ಮ. ಗಂಡ, ಹೆಂಡತಿ, ಮಕ್ಕಳು ಅಷ್ಟೇ."

"ಹಾಗಾದ್ರೆ ಯಾರೂ ಇಲ್ಲ," ಅಂದಳು ಇವಳು.

ಅಷ್ಟೇ. ಅವರು ಗುರುತು ಹಾಕಿದರು, ಇವಳು ಸಹಿ ಮಾಡಿದಳು, "ವೆಲ್ಕಮ್ ಟು ಕೆನಡಾ" ಅಂದರು. ಮಗಳು ಥ್ಯಾಂಕ್ಯೂ ಹೇಳಿದಳು. ಕಸ್ಟಮ್ಸ್‌ನಲ್ಲಿ ಒಡವೆಗಳ ಪಟ್ಟಿ, ಫೋಟೋ ತೋರಿಸಿದೆವು. ಟ್ಯಾಕ್ಸಿ ಹತ್ತಿದೆವು. ದಾರಿಯುದ್ದಕ್ಕೂ ಇವಳು ಕಿಟಕಿ ಕಡೆ ತಿರುಗಿ ಕೂತಿದ್ದಳು. ನಾನೂ ಮಾತಾಡಿಸಲಿಲ್ಲ.

"ಹಾಗಾದ್ರೆ ಯಾರೂ ಇಲ್ಲ." ಕೋಪದಲ್ಲಿ ಹೇಳಿದ ಮಾತಲ್ಲ ಅದು. ಬೇಜಾರು ಅಂತಲೂ ಹೇಳೋಕಾಗಲ್ಲ. ಹದಿಮೂರು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ನಿಯಮ ಏನು ಅಂತ ಹೇಳಿದರು, ಅದಕ್ಕೆ ತಕ್ಕ ಉತ್ತರ ಕೊಟ್ಟಳು. ಅಷ್ಟು ನೇರವಾಗಿ ಹೇಳಿದ್ದೇ ನನಗೆ ಜಾಸ್ತಿ ನಾಟಿತು.

ನನಗೆ ಪಿಆರ್ ಸಿಕ್ಕಾಗಲೇ ಇವರೆಲ್ಲ ಜೊತೆಗೆ ಬರಬಹುದಿತ್ತು. ಅಪ್ಪನಿಗೆ ಆಗ ಡಯಾಲಿಸಿಸ್ ನಡೀತಿತ್ತು. ತುಮಕೂರಿಗೆ ಕರೆದುಕೊಂಡು ಹೋಗಿ ಬರೋಕೆ ಒಬ್ಬರು ಬೇಕಿತ್ತು. ನಾನು ಇರ್ತೀನಿ, ನೀವು ಹೋಗಿ ಅಂತ ಇವಳೇ ಹೇಳಿದ್ದು. ಹಾಗಾಗಿ ಅರ್ಜಿಯಲ್ಲಿ ಹೆಂಡತಿ, ಮಕ್ಕಳ ಹೆಸರು ಕೊಟ್ಟು, ಅವರ ಮೆಡಿಕಲ್ ಕೂಡ ಮಾಡಿಸಿ, ಸದ್ಯಕ್ಕೆ ಜೊತೆಗೆ ಬರ್ತಿಲ್ಲ ಅಂತ ತಿಳಿಸಿದ್ದೆವು. ಅಪ್ಪ ಹೋದರು. ಆಮೇಲೂ ಅಮ್ಮನನ್ನು ತಕ್ಷಣ ಒಂಟಿ ಬಿಟ್ಟು ಬರೋಕೆ ಇವಳಿಗೆ ಮನಸ್ಸಾಗಲಿಲ್ಲ. ಕೊನೆಗೆ ಅಮ್ಮನೇ ಗದರಿ ಅರ್ಜಿ ಹಾಕಿಸಿದರು. "ಮಕ್ಕಳಿಗೆ ಅಪ್ಪ ಬೇಡವಾ? ನಾನೇನು ಚಿಕ್ಕ ಮಗುವಾ?"

ಸಂಗಾತಿಯನ್ನು ಸ್ಪಾನ್ಸರ್ ಮಾಡುವಾಗ, ಅಂದರೆ ಜವಾಬ್ದಾರಿ ಹೊತ್ತು ಇಲ್ಲಿಗೆ ಕರೆಸಿಕೊಳ್ಳುವಾಗ, ನಮ್ಮದು ನಿಜವಾದ ಸಂಸಾರ ಅಂತ ನಾವು ತೋರಿಸಿಕೊಡಬೇಕು. ಮದುವೆ ಸರ್ಟಿಫಿಕೇಟ್ ಒಂದೇ ಸಾಲಲ್ಲ. 20 ಫೋಟೋವರೆಗೆ ಕೊಡಬಹುದು. ಫೋನ್ ಮೆಸೇಜ್, ಪತ್ರ ಇತ್ಯಾದಿ 10 ಪುಟ ಮೀರಬಾರದು. ಒಂದು ರಾತ್ರಿ ಕೂತು ಎಲ್ಲ ಆರಿಸಿದೆ. ನಾನು, ಇವಳು ಇಬ್ಬರೇ ಇರುವ ಫೋಟೋ ಕೆಲವೇ ಕೆಲವು. ಉಳಿದ ಎಲ್ಲದರಲ್ಲೂ ನಡುವೆ ಅಮ್ಮ. ಮಗಳ ನಾಮಕರಣದಲ್ಲಿ ತೊಡೆ ಮೇಲೆ ಮಗು ಇಟ್ಟುಕೊಂಡ ಅಮ್ಮ. ಗೃಹಪ್ರವೇಶದಲ್ಲಿ ಹಾಲು ಉಕ್ಕಿಸುವ ಅಮ್ಮ. ಮೆಸೇಜ್‌ಗಳಂತೂ ಇನ್ನೂ ಹಾಗೆ. "ಅತ್ತೆ ಬಿಪಿ 150 ಇತ್ತು, ಮಾತ್ರೆ ಬದಲಾಯಿಸಿದ್ದಾರೆ." "ಮಾವನ್ನ ಇವತ್ತು ಬೇಗ ಬಿಟ್ಟರು, ಬಸ್ಸಲ್ಲೇ ಬಂದ್ವಿ." "ಅತ್ತೆ ಊಟ ಮಾಡಿಲ್ಲ, ನೀವೊಂದು ಫೋನ್ ಮಾಡಿ." ಅದನ್ನೇ ಇಂಗ್ಲಿಷಿಗೆ ಅನುವಾದ ಮಾಡಿಸಿ ಕಳಿಸಿದೆ. ನಮ್ಮ ದಾಂಪತ್ಯ ನಿಜ ಅಂತ ವಲಸೆ ಕಚೇರಿ ಒಪ್ಪಿದ್ದು ಅಮ್ಮನ ಬಿಪಿ ಮಾತ್ರೆಯ ಲೆಕ್ಕ ಓದಿ.

ಅದೇ ಕಡತದಲ್ಲಿ ಅಮ್ಮನ ಹೆಸರಿಗೆ ಜಾಗ ಇರಲಿಲ್ಲ. ಕುಟುಂಬದ ವಿವರದ ಫಾರ್ಮ್‌ನಲ್ಲಿ ಇವಳು ತನ್ನ ಅಪ್ಪ, ಅಮ್ಮ, ಅಣ್ಣ ಎಲ್ಲರನ್ನೂ ಬರೆದಳು. ತವರಿಗೆ ವರ್ಷಕ್ಕೊಮ್ಮೆ ಹೋಗ್ತಿದ್ದಳು, ಅವರು ಕಾಲಂನಲ್ಲಿ ಬಂದರು. ಬೆಳಗ್ಗೆ ಎದ್ದರೆ ಮೊದಲು ಮುಖ ನೋಡುತ್ತಿದ್ದ ಅತ್ತೆಗೆ ಕಾಲಂ ಇಲ್ಲ.

ಹೊರಡುವ ದಿನ ಇವಳ ಸಂಬಂಧಿಕರೊಬ್ಬರು ಎಲ್ಲರೆದುರು, "ಅಂತೂ ಅತ್ತೆ ಮನೆ ಚಾಕರಿ ಮುಗೀತು ಬಿಡು" ಅಂದರು. ನನಗೆ ಈಗಲೂ ಆ ಮಾತಿಗೆ ಕ್ಷಮೆ ಇಲ್ಲ. ಆ ಮನೆಯಲ್ಲಿ ಇಬ್ಬರು ಹೆಂಗಸರು ಹೇಗಿದ್ದರು ಅಂತ ಅವರಿಗೆ ಗೊತ್ತಿಲ್ಲ. ಜಗಳ ಆಗ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಆಗ್ತಿತ್ತು. ಆದರೆ ಅಪ್ಪ ತೀರಿಕೊಂಡ ಮೇಲೆ ಅಮ್ಮನ ರೂಮಿನಲ್ಲೇ ಇವಳೂ ಹಾಸಿಗೆ ಹಾಕಿಕೊಂಡಳು. ಅಟ್ಟದ ಮೇಲೆ ಒಣಗೋಕೆ ಹಾಕಿದ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯಾ ಅಂತ ಸದ್ದಿನಲ್ಲೇ ಹೇಳೋದನ್ನು ಅಮ್ಮ ಕಲಿಸಿದ್ದು ಇವಳಿಗೆ. ಆ ಊರಲ್ಲೇ ಹುಟ್ಟಿದ ನನಗೆ ಬರಲ್ಲ. ನಾನು ವಿದೇಶದಲ್ಲಿದ್ದ ವರ್ಷಗಳಲ್ಲಿ ಅವರಿಬ್ಬರೂ ಒಂದು ಸಂಸಾರ ನಡೆಸಿದ್ದಾರೆ. ಈಗ ನನ್ನ ಸಂಸಾರ ಒಂದಾಯಿತು ಅಂತ ಎಲ್ಲರೂ ಫೋನ್ ಮಾಡಿ ಹೇಳುತ್ತಿದ್ದಾರೆ. ಒಂದಾಯಿತು, ನಿಜ. ಆ ಇನ್ನೊಂದು ಎರಡಾಯಿತು.

ಕೆನಡಾದ ಬಗ್ಗೆ ನನಗೆ ದ್ವೇಷ ಇಲ್ಲ. ಈ ದೇಶ ನನಗೆ ಕೆಲಸ ಕೊಟ್ಟಿದೆ, ಮರ್ಯಾದೆ ಕೊಟ್ಟಿದೆ. ಹೆಂಡತಿ, ಮಕ್ಕಳ ವಿಚಾರದಲ್ಲಿ ಇಲ್ಲಿನ ಕಾನೂನು ಸಾಕಷ್ಟು ಉದಾರವಾಗಿಯೇ ಇದೆ. 22 ವರ್ಷದೊಳಗಿನ, ಮದುವೆಯಾಗದ ಮಕ್ಕಳನ್ನು ಕರೆಸಬಹುದು. ಸಂಗಾತಿಯ ಜವಾಬ್ದಾರಿ 3 ವರ್ಷ ಹೊರುತ್ತೇನೆ ಅಂತ ಬರೆದುಕೊಟ್ಟರೆ ಸಾಕು, ಇಷ್ಟೇ ಸಂಬಳ ಇರಬೇಕು ಅನ್ನುವ ಷರತ್ತು ಸಾಮಾನ್ಯವಾಗಿ ಇಲ್ಲ. ಅಪ್ಪ ಅಮ್ಮನ ವಿಷಯ ಬಂದಾಗ ಮಾತ್ರ ಬಾಗಿಲು ಕಿರಿದಾಗುತ್ತದೆ. 2019ರಲ್ಲಿ ಅಪ್ಪ ಅಮ್ಮನನ್ನು ಸ್ಪಾನ್ಸರ್ ಮಾಡಬೇಕು ಅನ್ನುವವರ ಹೆಸರನ್ನು ಆನ್‌ಲೈನ್‌ನಲ್ಲಿ ತೆಗೆದುಕೊಂಡಾಗ ಹತ್ತು ನಿಮಿಷದ ಆಸುಪಾಸಿನಲ್ಲಿ ಎಲ್ಲ ಭರ್ತಿಯಾಗಿತ್ತು. 2020ರ ಕೊನೆಯಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ ಲಾಟರಿ ಎತ್ತಿ 2025ರವರೆಗೂ ಕರೆಯುತ್ತಾ ಬಂದರು. 2020ರ ನಂತರ ಪಿಆರ್ ಆದ ನನ್ನಂಥವರಿಗೆ ಆ ಚೀಟಿಯಲ್ಲಿ ಹೆಸರೇ ಇಲ್ಲ. ವಯಸ್ಸಾದವರ ಆಸ್ಪತ್ರೆ ಖರ್ಚು ಜಾಸ್ತಿ, ಅದಕ್ಕೇ ಹೀಗೆ ಅಂತ ಹೇಳುವವರಿದ್ದಾರೆ. ಆ ಮಾತನ್ನು ನಾನು ತಳ್ಳಿಹಾಕಲ್ಲ. ಆದರೆ ಮೊಮ್ಮಕ್ಕಳನ್ನು ಬೆಳೆಸಿ, ಸೊಸೆಯನ್ನು ಕೆಲಸಕ್ಕೆ ಕಳಿಸಿ, ಮಗ ದೂರದಲ್ಲಿ ತೆರಿಗೆ ಕಟ್ಟುವಂತೆ ಮಾಡಿದ್ದು ಅಮ್ಮ. ಖರ್ಚಿನ ಲೆಕ್ಕ ಹಾಕುವಾಗ ಅದನ್ನೂ ಹಾಕಬೇಕಲ್ವಾ?

ಮೊನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಇವಳಾಗಿಯೇ ವಿಷಯ ತೆಗೆದಳು. "ರೀ, ಅಲ್ಲಿ ನಾನು ಯಾರೂ ಇಲ್ಲ ಅಂದೆನಲ್ಲ, ಅತ್ತೆಗೆ ಹೇಳಬೇಡಿ." ಹೇಳಲ್ಲ ಅಂದೆ. ಆಮೇಲೆ ಸೂಪರ್ ವೀಸಾ ಬಗ್ಗೆ ಕೇಳಿದಳು. ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೆ ಕೊಡುವ ಭೇಟಿ ವೀಸಾ ಅದು, ಒಂದು ಸಲ ಬಂದರೆ 5 ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ರಕ್ಷಣೆ ಇರುವ ಆರೋಗ್ಯ ವಿಮೆ ಒಂದು ವರ್ಷಕ್ಕೆ ತೆಗೆದುಕೊಳ್ಳಬೇಕು, ಮಗನ ಆದಾಯ ತೋರಿಸಬೇಕು, ಮೆಡಿಕಲ್ ಆಗಬೇಕು. ಬಿಪಿ ಇರುವ ಎಪ್ಪತ್ತು ದಾಟಿದವರಿಗೆ ವಿಮೆ ಅಗ್ಗ ಅಲ್ಲ. ಬಂದರೂ ಅಮ್ಮ ಇಲ್ಲಿ ಅತಿಥಿಯೇ, ನಿವಾಸಿ ಅಲ್ಲ. ಅದನ್ನೆಲ್ಲ ಹೇಳಿದೆ. ಇವಳು ಒಂದು ಪುಸ್ತಕದಲ್ಲಿ ಬರೆದುಕೊಂಡಳು.

ನಿನ್ನೆ ಅಮ್ಮನಿಗೆ ಫೋನ್ ಮಾಡಿದಾಗ ಸ್ಪೀಕರ್ ಹಾಕಿದ್ದೆವು. ಅಮ್ಮ ಖಡಾಖಂಡಿತವಾಗಿ ಹೇಳಿದರು, "ಅಟ್ಟದ ಕಾಯಿ ಸುಲಿಸಿ ಮಾರೋವರೆಗೂ ನಾನೆಲ್ಲೂ ಬರಲ್ಲ ಕಣಮ್ಮ."

"ಸುಲಿಯೋರು ಯಾವಾಗ ಬರ್ತಾರೆ ಅಂತ ಹೇಳಿ ಅತ್ತೆ," ಅಂದಳು ಇವಳು. "ಅದರ ಮುಂದಿನ ವಾರಕ್ಕೆ ಬೆಂಗಳೂರಲ್ಲಿ ಮೆಡಿಕಲ್‌ಗೆ ದಿನ ಗೊತ್ತು ಮಾಡ್ತೀನಿ. ಅಷ್ಟರಲ್ಲಿ ಪಾಸ್‌ಪೋರ್ಟ್ ರಿನ್ಯೂ ಮಾಡಿಸೋಕೆ ನಾದಿನಿಗೆ ಹೇಳಿದೀನಿ."

ಅಮ್ಮ ಏನೂ ಅನ್ನಲಿಲ್ಲ, ಗೌರಿ ಹಬ್ಬಕ್ಕೆ ಅಲ್ಲಿ ಬಾಳೆ ಎಲೆ ಸಿಗುತ್ತಾ ಅಂತ ವಿಚಾರಿಸಿದರು. ನನ್ನ ಆದಾಯ ತೆರಿಗೆಯ ಪತ್ರಗಳನ್ನು ಇವಳು ಆಗಲೇ ಕೇಳಿಟ್ಟಿದ್ದಾಳೆ. ಇವತ್ತು ಹುಡುಕಿ ಕೊಡುತ್ತೇನೆ.