ವರಾಂಡದ ಎಂಟು ಆವರ್ತ

ಎರಡನೇ ವರ್ಷದ ಕಾಲೇಜು ವಾರ್ಷಿಕೋತ್ಸವ. ಕರ್ನಾಟಕ ಸಂಗೀತ ಹಾಡಿದ್ದು ನಾನು. ಹಾಡಿಕೆ ಸರಿಯಾಗಿಯೇ ನಡೆಯಿತು. ತನಿ ಆವರ್ತನ, ಅಂದರೆ ಮೃದಂಗ ಮಾತ್ರ ನುಡಿಯುವ ಭಾಗ, ಶುರುವಾದ ಮೇಲೆ ಹಾಡುವವರಿಗೆ ಉಳಿಯುವುದು ಒಂದೇ ಕೆಲಸ, ತಾಳ ಹಾಕುವುದು. ಅದೂ ಆದಿತಾಳ. ಒಂದು ತಟ್ಟು, ಮೂರು ಬೆರಳು, ಆಮೇಲೆ ತಟ್ಟಿ ತಿರುಗಿಸುವುದು ಎರಡು ಸಲ. 8 ಅಕ್ಷರ, ಅಂದರೆ ಎಂಟು ಎಣಿಕೆ; ಅದು ಮುಗಿದರೆ ಒಂದು ಆವರ್ತ. ಸಣ್ಣ ಮಕ್ಕಳೂ ಹಾಕುತ್ತಾರೆ, ಅಲ್ವಾ?

ಮೃದಂಗದ ಹುಡುಗ ಚತುರಶ್ರ ನಡೆ ಬಿಟ್ಟು ತಿಶ್ರಕ್ಕೆ ಹೋದ. ಅಕ್ಷರಕ್ಕೆ 4 ಪೆಟ್ಟು ಬರುತ್ತಿದ್ದದ್ದು 3 ಆಯಿತು. ನನ್ನ ಕೈ ಅವನ ಪೆಟ್ಟಿನ ಹಿಂದೆಯೇ ಹೊರಟಿತು. ಮೂರೇ ಆವರ್ತದಲ್ಲಿ ಅವನೆಲ್ಲೋ, ನಾನೆಲ್ಲೋ. ಅವನು ಒಮ್ಮೆ ನನ್ನ ಕೈ ನೋಡಿದ. ಆಮೇಲೆ ನೋಡುವುದನ್ನೇ ಬಿಟ್ಟ. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಸದ್ದಿಲ್ಲದೆ ತೊಡೆಯ ಮೇಲೆ ತಾಳ ಹಾಕತೊಡಗಿದರು. ಅವನು ಅದನ್ನು ನೋಡಿಕೊಂಡು ಮುಕ್ತಾಯ ನುಡಿಸಿದ. ನಾನು ಪಲ್ಲವಿ ಎತ್ತಿಕೊಂಡಿದ್ದೂ ಅವರ ಕೈ ನೋಡಿಯೇ.

ಮರುದಿನ ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ಮೇಷ್ಟ್ರು, "ನಿನಗೆ ತಾಳ ಬರುತ್ತಮ್ಮ. ಲಯ ಇನ್ನೂ ಬಂದಿಲ್ಲ" ಅಂದರು, ಅಷ್ಟೇ.

ಮೊದಲು ಆದಿತಾಳ ಹಾಕುತ್ತಾ ಮಾತಾಡಲು ಕಲಿಸಿದರು. "ಹಾಸ್ಟೆಲಿನಲ್ಲಿ ಇವತ್ತು ಏನು ತಿಂಡಿ?" ಕೈ ನಿಲ್ಲಬಾರದು, ಮಾತು ತಾಳಕ್ಕೆ ಸರಿಯಾಗಿಯೂ ಬರಬಾರದು. ಸುಮ್ನೆ ಮನೆಯಲ್ಲಿ ಮಾತಾಡಿದ ಹಾಗೆ. ಉಪ್ಪಿಟ್ಟು ಅನ್ನುವಷ್ಟರಲ್ಲಿ ನನ್ನ ಬೆರಳು ತಪ್ಪುತ್ತಿತ್ತು.

ಆಮೇಲೆ ಜಾತಿಗಳು, ಅಂದರೆ 3, 4, 5, 7, 9ರ ಗುಂಪುಗಳು. ತಕಿಟ, ತಕಧಿಮಿ ಹೇಳಿದರೆ ನಾವು ಯಂತ್ರದ ಹಾಗೆ ಒದರುತ್ತೇವೆ ಅಂತ ಮನೆಮಾತು ಕೊಟ್ಟರು. ತಿಶ್ರಕ್ಕೆ 'ಮನೆಗೆ', ಚತುರಶ್ರಕ್ಕೆ 'ಗಣಪತಿ'. ಖಂಡಕ್ಕೆ 'ಹೊಸಮನೆಗೆ'. ಮಿಶ್ರಕ್ಕೆ 'ಮನೆಗೆ ಗಣಪತಿ'. ಸಂಕೀರ್ಣದ 9ಕ್ಕೆ 'ಗಣಪತಿ ಹೊಸಮನೆಗೆ'. ಎಲ್ಲವೂ ಹ್ರಸ್ವಾಕ್ಷರ, ಒಂದೂ ಎಳೆಯುವುದಿಲ್ಲ. ಆದಿತಾಳದ ಒಂದೊಂದು ಎಣಿಕೆಗೆ ಪದದ ಒಂದೊಂದೇ ಅಕ್ಷರದಂತೆ 'ಹೊಸಮನೆಗೆ' ಹೇಳುತ್ತಾ ಹೋದರೆ, ಎಂಟನೆಯದು ಮುಗಿಯುವಾಗ 5 ಆವರ್ತ ಮುಗಿದಿರುತ್ತದೆ. ಮತ್ತೆ ಸಮದಲ್ಲಿ, ಅಂದರೆ ಆವರ್ತದ ಮೊದಲ ತಟ್ಟಿನಲ್ಲಿ, 'ಹೊ'. ಆ 'ಹೊ' ಸಿಕ್ಕಾಗಿನ ಖುಷಿ ಬೇರೆಯೇ. ಸಾಂಬಾರ್ ಬಡಿಸುವಾಗಲೂ ಅದನ್ನೇ ಗೊಣಗಿ ಅಡುಗೆ ಭಟ್ಟರಿಂದ ಬೈಸಿಕೊಂಡಿದ್ದೇನೆ.

ನಿಜವಾದ ಪರೀಕ್ಷೆ ಇದ್ದದ್ದು ವರಾಂಡದಲ್ಲಿ. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದರು. ಅಕ್ಷರಕ್ಕೆ ಹೆಚ್ಚು ಕಡಿಮೆ ಒಂದು ಸೆಕೆಂಡಿನಂತೆ ಒಂದು ಆವರ್ತ ತಟ್ಟಿ ತೋರಿಸುತ್ತಿದ್ದರು. ಆಮೇಲೆ ಆಚೆಗೊಬ್ಬರು, ಈಚೆಗೊಬ್ಬರು ನಡೆಯಬೇಕು. ಕೈ ಆಡಿಸುವಂತಿಲ್ಲ, ಹೆಜ್ಜೆಯೂ ತಾಳಕ್ಕೆ ಬೀಳುವಂತಿಲ್ಲ. ಎಂಟು ಆವರ್ತ, ಅಂದರೆ 64 ಅಕ್ಷರ ಮನಸ್ಸಿನಲ್ಲೇ ಕಳೆದು ಮುಂದಿನ ಸಮಕ್ಕೆ ಚಪ್ಪಾಳೆ. ಮೊದಲ ದಿನ ನಾನು ಐದು ಅಕ್ಷರ ಮುಂಚೆಯೇ ತಟ್ಟಿದ್ದೆ. ತಡವಾದರೆ ಅನ್ನುವ ಹೆದರಿಕೆ! ನಮ್ಮಲ್ಲಿ ಜಾಸ್ತಿ ಜನಕ್ಕೆ ತಾಳ ಓಡುವುದು ಈ ಹೆದರಿಕೆಗೇ ಅಂತ ನನಗೆ ಅನ್ನಿಸುತ್ತದೆ. ಎರಡು ಅಕ್ಷರಗಳ ನಡುವಿನ ಜಾಗ ಖಾಲಿ ಕಂಡರೆ ಬೇಗ ದಾಟಿಬಿಡೋಣ ಅನ್ನಿಸುತ್ತದೆ. "ಖಾಲಿ ಯಾಕೆ ಬಿಡ್ತೀಯ? ಗಣಪತೀನ ಕೂರಿಸು" ಅಂದರು. ಪ್ರತಿ ಅಕ್ಷರದೊಳಗೂ ಸದ್ದಿಲ್ಲದೆ ಒಂದು 'ಗಣಪತಿ'. ಓಟ ನಿಂತಿತು. ಆದರೂ ಗೆಳತಿಯ ಚಪ್ಪಾಳೆ, ನನ್ನ ಚಪ್ಪಾಳೆ ಒಂದಾಗಿ ಕೇಳಲು ಮಳೆಗಾಲ ಕಳೆಯಬೇಕಾಯಿತು.

ಈಗ ನಾನೂ ಪಾಠ ಹೇಳುತ್ತೇನೆ. ಮಕ್ಕಳು ಟಿಕ್ ಟಿಕ್ ಅಂತ ಎಣಿಕೆ ತೋರಿಸುವ ಮೊಬೈಲಿನ ಮೆಟ್ರೊನೋಮ್ ಹಾಕಿಕೊಂಡು ಬರುತ್ತಾರೆ. ಬೇಡ ಅನ್ನುವುದಿಲ್ಲ. ಮೊದಮೊದಲ ಸ್ವರಪಾಠವಾದ ಸರಳೆ ವರಸೆಯ ನಡುವೆ ಅದರ ಸದ್ದು ತೆಗೆದು, ನಾಲ್ಕು ಆವರ್ತ ಬಿಟ್ಟು ಮತ್ತೆ ಕೊಡುತ್ತೇನೆ. ಆಗ ಆ ಮುಖಗಳನ್ನು ನೋಡಬೇಕು!

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಿದ್ದಾಗ ಅದೇ ಗೆಳತಿ ಸಿಕ್ಕಳು. ಊಟ ಆಗಿತ್ತು, ವರಾಂಡ ಖಾಲಿಯಿತ್ತು. ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ಎಂಟು ಆವರ್ತ ಕಳೆದು ಎರಡು ಚಪ್ಪಾಳೆ ಕೇಳಿದವು, ನಡುವೆ ಕೂದಲೆಳೆಯಷ್ಟು ಸಂದು. ನಾನು ಓಡಿದೆ ಅಂತ ಅವಳು, ಅವಳು ಎಳೆದಳು ಅಂತ ನಾನು. ಬಸ್ ಸ್ಟಾಪಿನವರೆಗೂ ಅದೇ ಜಗಳ.