ಉಪ್ಪಾಗೆ ಒಲೆಯ ಮುಂದೆ ಸಿಕ್ಕ ವಿಷಯ

ಆನ್‌ಲೈನ್‌ನಲ್ಲಿ ಲೇಖನ ಮಾರಿ ಬದುಕುವವರಿಗೆ ಬರೆಯುವುದಕ್ಕಿಂತ ವಿಷಯ ಆರಿಸುವುದೇ ದೊಡ್ಡ ಕೆಲಸ. ‘ಶಿರಸಿಯಲ್ಲಿ ಕೂತು ವಿಷಯಕ್ಕೇನು ಬರ? ಅಡಿಕೆ ಇದೆ, ಮಾರಿಕಾಂಬಾ ಜಾತ್ರೆ ಇದೆ, ಯಾಣ ಇದೆ’ ಎಂದು ಗೆಳೆಯರು ಬೆರಳು ಮಡಚುತ್ತಾರೆ. ಆದರೆ ‘ಅಡಿಕೆ ಬಗ್ಗೆ ಬರೆಯಲೇ?’ ಎಂದು ಕೇಳಿದರೆ ಯಾವ ಸಂಪಾದಕರೂ ಉತ್ತರಿಸುವುದಿಲ್ಲ. ಮಳೆ ಬಿಡದ ವಾರದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು, ಅಡಿಕೆ ಮರ ಹತ್ತುವ ಕೊನೆಗೌಡ ಸಿಗದಿದ್ದರೆ ತೋಟದವರು ಏನು ಮಾಡುತ್ತಾರೆ ಎಂದು ಕೇಳಿ ನೋಡಿ, ಫೋನ್ ಬರುತ್ತದೆ.

ಕಳೆದ ಆಷಾಢದಲ್ಲಿ ಆರೋಗ್ಯದ ಪುಡಿ, ಮಾತ್ರೆ ಮಾರುವ ಒಂದು ಕಂಪನಿಯವರು ನಮ್ಮ ಕಡೆಯ ಕಾಡಿನ ಹುಳಿಹಣ್ಣು ಉಪ್ಪಾಗೆ ಬಗ್ಗೆ ಲೇಖನ ಕೇಳಿದರು. ಉಪ್ಪಾಗೆಯಿಂದ ತೂಕ ಇಳಿಸಿಕೊಳ್ಳಿ ಎಂಬ ತಲೆಬರಹವನ್ನೂ ಅವರೇ ಕಳಿಸಿದ್ದರು. ಪದಕ್ಕೆ ಕೊಡುವ ದರ ನನಗೆ ಮಾಮೂಲಿಯಾಗಿ ಸಿಗುವುದಕ್ಕಿಂತ ಬಹಳ ಜಾಸ್ತಿ. ಬರೆಯುವ ಮುಂಚೆ ಹುಡುಕಿ ಓದಿದೆ. ಉಪ್ಪಾಗೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಮೇಲೆ ಅಮೆರಿಕದಲ್ಲಿ 135 ಜನರನ್ನು 12 ವಾರ ಪರೀಕ್ಷಿಸಿದ ಅಧ್ಯಯನವೊಂದು 1998ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಆಮ್ಲದ ಮಾತ್ರೆ ನುಂಗಿದವರಿಗೂ ಔಷಧಿಯೇ ಇಲ್ಲದ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡಿರಲಿಲ್ಲ. ನಮ್ಮ ಕಾಡಿನ ಹಣ್ಣಿನ ಹೆಸರು ಹೇಳಿ ಯಾರದೋ ಆಸೆಯ ಮೇಲೆ ದುಡಿಯಲು ನನಗೆ ಮನಸ್ಸಾಗಲಿಲ್ಲ. ಆಗುವುದಿಲ್ಲ ಎಂದು ಬರೆದು ಕಳಿಸಿದೆ.

ಉಪ್ಪಾಗೆ ಮಾತ್ರ ತಲೆಯಿಂದ ಹೋಗಲಿಲ್ಲ. ಮರುದಿನ ಕುಮಟಾ ಬಸ್ಸು ಹತ್ತಿ ರಾಗಿಹೊಸಳ್ಳಿಯಲ್ಲಿ ಇಳಿದೆ. ಅಲ್ಲಿಂದ ಒಳಗೆ, ದೇವಿಮನೆ ಘಟ್ಟದ ಕಡೆ, ಪರಿಚಯದವರ ಮನೆಯೊಂದಿದೆ. ಮಳೆ ಹಿಡಿದುಬಿಟ್ಟಿತ್ತು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಿತ್ತುಕೊಳ್ಳುತ್ತಾ ಅಂಗಳ ಮುಟ್ಟುವಾಗ ಕೊಟ್ಟಿಗೆ ಪಕ್ಕದ ಮಾಡಿನಿಂದ ಹೊಗೆ ಬರುತ್ತಿತ್ತು.

ಒಳಗೆ ಬಿದಿರ ತಟ್ಟಿಯ ಅಟ್ಟ, ಅದರ ಕೆಳಗೆ ಬೆಂಕಿ. ಅಟ್ಟದ ತುಂಬ ಉಪ್ಪಾಗೆ ಸಿಪ್ಪೆ. ಒಂದು ಬದಿಯದು ಇನ್ನೂ ಹಳದಿ, ನಡುವಿನದು ಕಂದು, ಬೆಂಕಿಗೆ ಹತ್ತಿರವಿದ್ದದ್ದು ಕಪ್ಪಾಗಿ ಮುರುಟಿತ್ತು. ಮನೆಯ ಅಕ್ಕ ಹಣ್ಣು ಸೀಳಿ, ಹೆಬ್ಬೆರಳಿನಿಂದ ಬೀಜ ತೆಗೆದು ಬುಟ್ಟಿಗೆ ಹಾಕುತ್ತಿದ್ದರು. ಹುಳಿರಸ ತಾಗಿ ತಾಗಿ ಉಗುರಿನ ಸುತ್ತ ಚರ್ಮ ಬಿರಿದಿತ್ತು.

‘ಮುರುಗಲು ಒಣಗಿಸೂದು ಸಸಾರ. ಬ್ಯಾಸಿಗೆಲಿ ಹಣ್ಣಾಗ್ತದೆ, ಅಂಗಳಕ್ಕೆ ಹರಗಿದ್ರೆ ಆಯ್ತು. ಇದು ಹಣ್ಣಾಗೂದೇ ಮಳೆಗಾಲದಲ್ಲಿ. ಬಿಸಿಲೆಲ್ಲಿಂದ ತರೂದು?’ ಅಂದರು. ಮುರುಗಲು ಅಂದರೆ ಕೋಕಂ.

‘ಕಟ್ಟಿಗೆ ಎಷ್ಟು ಬೇಕಾಗ್ತದೆ ಅಕ್ಕ?’

‘ಹಗಲೂ ರಾತ್ರಿ ಉರೀಬೇಕು. ಬೆಂಕಿ ಆರಿದ್ರೆ ಬೂಸ್ಟು ಬರ್ತದೆ, ಅಂಗಡಿಯವ ಅರ್ಧ ರೇಟು ಹೇಳ್ತಾನೆ. ಹಣ್ಣು ಕೊಯ್ಯೂದಕ್ಕಿಂತ ಕಟ್ಟಿಗೆ ತರೂದೇ ದೊಡ್ಡ ಕೆಲ್ಸ ನೋಡು.’

ವಿಷಯ ಸಿಕ್ಕಿತು. ಮಳೆಯಲ್ಲಿ ಹಣ್ಣಾಗುವ ಹಣ್ಣನ್ನು ಒಣಗಿಸಲು ಕಾಡು ಎಷ್ಟು ಕಟ್ಟಿಗೆ ಕೊಡಬೇಕು, ಕಡಿಮೆ ಕಟ್ಟಿಗೆಯಲ್ಲಿ ಒಣಗಿಸುವ ಒಲೆ ಇಂಥ ಮನೆಗೆ ಬಂದರೆ ಏನು ಬದಲಾಗುತ್ತದೆ? ಇದಕ್ಕೆ ಬೆಂಗಳೂರಿನಲ್ಲಿ ಕೂತು ಹುಡುಕಿದರೆ ಉತ್ತರ ಸಿಗದು. ವಿಷಯ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಹತ್ತು ವೆಬ್‌ಸೈಟ್ ಓದಿ ಹನ್ನೊಂದನೆಯದನ್ನು ಯಾರು ಬೇಕಾದರೂ ಬರೆಯಬಹುದು, ಅದಕ್ಕೆ ನನ್ನನ್ನೇ ಏಕೆ ಕೇಳಬೇಕು? ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ಕಣ್ಣಾರೆ ಕಂಡವರು ಮಾತಿಗೆ ಸಿಗುವಂತಿದ್ದರೆ ಆ ವಿಷಯ ನನ್ನದು.

ಎರಡನೆಯದು, ಕೊಳ್ಳುವವರು ಯಾರು ಎಂಬುದು. ವಾಪಸು ಬರುವ ಬಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡೆ. ಕೃಷಿ ಪತ್ರಿಕೆಯವರಿಗೆ ಒಣಗಿಸುವ ವಿಧಾನ ಮತ್ತು ಖರ್ಚು ಬೇಕು. ಪರಿಸರದ ಬಗ್ಗೆ ಬರೆಸುವ ಇಂಗ್ಲಿಷ್ ಜಾಲತಾಣಕ್ಕೆ ಕಟ್ಟಿಗೆಯ ಕಥೆ. ಅಡುಗೆಯವರಿಗೆ ಬುಟ್ಟಿಯಲ್ಲಿದ್ದ ಆ ಬೀಜ, ಅದರಿಂದ ತೆಗೆಯುವ ಉಪ್ಪಾಗೆ ತುಪ್ಪ. ಒಂದೇ ಬರಹವನ್ನು ಮೂವರಿಗೆ ಮಾರುವುದು ಮೋಸ. ಒಂದು ಭೇಟಿಯಿಂದ ಮೂರು ಬೇರೆ ಪ್ರಶ್ನೆ ಹಿಡಿದು, ಪ್ರತಿಯೊಂದಕ್ಕೂ ಹೊಸದಾಗಿ ಕೇಳಿ, ಹೊಸದಾಗಿ ಬರೆಯುವುದು ನ್ಯಾಯವಾದ ದುಡಿಮೆ. ಹಳ್ಳಿಯಲ್ಲಿದ್ದು ಬರೆದು ಬದುಕುವವರಿಗೆ ಬಸ್ ಚಾರ್ಜು ಗಿಟ್ಟುವುದೂ ಹೀಗೆಯೇ.

ಕಾಲ ನೋಡುವುದೂ ಮುಖ್ಯ. ಮಾಸಿಕಗಳವರಿಗೆ ಎರಡು ಮೂರು ತಿಂಗಳು ಮೊದಲೇ ಹೇಳಬೇಕಾಗುತ್ತದೆ, ಮಳೆಗಾಲದ ಲೇಖನವನ್ನು ಬೇಸಿಗೆಯಲ್ಲೇ ಒಪ್ಪಿಸಬೇಕು. ಜಾಲತಾಣಗಳಿಗೆ ಈ ತಾಪತ್ರಯ ಕಡಿಮೆ. ಹಾಗಾಗಿ ಕಟ್ಟಿಗೆಯ ಕಥೆಯನ್ನು ಮೊದಲು ಅಲ್ಲಿಗೆ ಕಳಿಸಿದೆ. ದೊಡ್ಡ ಪ್ರಸ್ತಾವನೆ ಏನಿಲ್ಲ. ಮುರುಗಲಿಗೆ ಬಿಸಿಲು, ಉಪ್ಪಾಗೆಗೆ ಬೆಂಕಿ ಏಕೆ ಎಂಬ ಎರಡು ಸಾಲು, ಯಾರನ್ನು ಮಾತಾಡಿಸಿದ್ದೇನೆ ಎಂಬ ಒಂದು ಸಾಲು, ಅಟ್ಟದ ಒಂದು ಫೋಟೊ.

ಒಪ್ಪಿಕೊಂಡರು. ದರ ಆ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯೇ. ಬಂದ ಮೇಲೆ ಲೇಖನವನ್ನು ಆ ಅಕ್ಕನಿಗೆ ಫೋನಿನಲ್ಲಿ ಕನ್ನಡ ಮಾಡಿ ಓದಿ ಹೇಳಿದೆ. ಬೆಂಕಿ ಆರಿದರೆ ರೇಟು ಇಳಿಯುತ್ತದೆ ಎಂಬ ಮಾತು ಬಂದಾಗ ‘ಹೌದು, ಅದನ್ನ ಹಾಕಿದ್ದು ಚಲೋ ಆಯ್ತು’ ಅಂದರು. ತುಪ್ಪದ ಲೇಖನ ಇನ್ನೂ ಬಾಕಿ ಇದೆ. ಬೀಜ ಒಣಗಿಸಿ ಇಟ್ಟಿದ್ದಾರಂತೆ, ತುಪ್ಪ ತೆಗೆಯುವ ದಿನ ಅವರ ಅತ್ತೆಯನ್ನೂ ಕರೆಸುತ್ತಾರಂತೆ.